ಈಶಾನ್ಯ ಮೂಲೆಯ ಸೀಮೆ ತುಂಗೆ

ಈ ಲೋಕದಲ್ಲಿ ಗುಲಾಬಿ ಬೆಳೆದವನನ್ನು ರಸಿಕ ಎನ್ನುತ್ತಾರೆ, ಮಾವು ಬೆಳೆದವನನ್ನು ಸಾಹುಕಾರ ಎನ್ನುತ್ತಾರೆ. ಹುಲ್ಲು ಬೆಳೆದವನನ್ನು ಮಾತ್ರ "ಹಸು ಎಲ್ಲಿ ಕಟ್ಟಿದೀರಾ?" ಎಂದು ಕೇಳುತ್ತಾರೆ. ನನ್ನನ್ನು ಹಾಗೆ ಕೇಳದ ಗಂಡಸು ಶ್ರೀನಿವಾಸಪುರದಲ್ಲಿ ಉಳಿದಿಲ್ಲ. ಹೆಂಗಸರು ಕೇಳುವುದಿಲ್ಲ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮುಂದೆ ಹೋಗುತ್ತಾರೆ. ನನ್ನ ಹೆಸರು ಶ್ರೀರಾಮಪ್ಪ, ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ನಮ್ಮ ಮನೆಯಲ್ಲಿ ಹಸುವಿಲ್ಲ, ಎಮ್ಮೆಯೂ ಇಲ್ಲ. (ಕೋಣ ಒಂದಿದೆ ಎಂದು ನನ್ನ ಹೆಂಡತಿ ಹೇಳುವುದುಂಟು. ಅದು ನಮ್ಮ ಸಂಸಾರದ ಒಳವಿಚಾರ.)

ಹೆಂಡತಿಯ ವಿಚಾರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆದಿಲಕ್ಷ್ಮಿ ರಾಯಲ್ಪಾಡಿನ ಕಡೆಯ ರೈತರ ಮನೆಯ ಮಗಳು. ನಮ್ಮ ಒಬ್ಬಳೇ ಮಗಳನ್ನು ಮಾಲೂರಿಗೆ ಮದುವೆ ಮಾಡಿ ಕೊಟ್ಟ ಮೇಲೆ ಮನೆಯಲ್ಲಿ ನಾವಿಬ್ಬರೇ. ಹೀಗಾಗಿ ಮಾತಾಡುವುದಕ್ಕೂ ಜಗಳವಾಡುವುದಕ್ಕೂ ಅವಳಿಗೆ ನಾನೊಬ್ಬನೇ ಗತಿ. ನಮ್ಮ ಜಗಳಗಳು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತವೆ. ಅವಳು ಕನ್ನಡದಲ್ಲಿ ಬೈಯುತ್ತಿರುವಷ್ಟು ಹೊತ್ತು ನಾನು ನಿಶ್ಚಿಂತೆಯಿಂದ ಎಲೆ ಅಡಿಕೆ ಹಾಕಿಕೊಳ್ಳುತ್ತಿರುತ್ತೇನೆ. ತೆಲುಗಿಗೆ ದಾಟಿದಳೆಂದರೆ ಚಪ್ಪಲಿ ಮೆಟ್ಟಿಕೊಂಡು ಪೇಟೆಯ ಕಡೆ ಹೊರಟುಬಿಡುತ್ತೇನೆ.

ನಮ್ಮ ಬಾಡಿಗೆ ಮನೆಯಲ್ಲಿ ಎಲ್ಲ ಅನುಕೂಲವೂ ಇತ್ತು, ಬಾವಿಯೊಂದು ಬಿಟ್ಟು. ಕುಡಿಯುವುದಕ್ಕೆ, ಬೇಯಿಸುವುದಕ್ಕೆ, ಮೀಯುವುದಕ್ಕೆ, ಎಲ್ಲಕ್ಕೂ ನೀರನ್ನು ಗಂಗಮ್ಮನ ಗುಡಿಯ ಬಾವಿಯಿಂದಲೇ ಹೊತ್ತು ತರಬೇಕು. ಬೀದಿ ದಾಟಿ, ಇಳಿಜಾರು ಇಳಿದು ಹೋಗುವ ದಾರಿ. ಬರುವಾಗ ಅದೇ ಇಳಿಜಾರು ಏರಾಗಿರುತ್ತದೆ. ಮನೆಯ ಯಜಮಾನರಾದ ಗಂಗುಲಪ್ಪನವರು ಮಾವಿನ ತೋಪುಗಳ ಸಾಹುಕಾರರು. ಅವರನ್ನು ಕಂಡಾಗಲೆಲ್ಲ ಆದಿಲಕ್ಷ್ಮಿ "ಅಂಗಳದಲ್ಲಿ ಒಂದು ಬಾವಿ ತೋಡಿಸ್ಕೊಡಿ ಅಣ್ಣಾ" ಎನ್ನುವುದು, ಅವರು "ಅಲ್ಲಿ ಬರೀ ಬಂಡೆ ಅಮ್ಮಣ್ಣೀ, ನೀರೆಲ್ಲಿಂದ ಬರ್ತದೆ?" ಎನ್ನುವುದು ವರ್ಷಗಳಿಂದ ನಡೆದು ಬಂದ ಸಂಪ್ರದಾಯ. ನಾನು ಇದರಲ್ಲಿ ತಲೆ ಹಾಕಿದವನಲ್ಲ. ನೀರು ತರುವುದು ಹೆಂಗಸರ ಇಲಾಖೆ ಎಂದು ನಮ್ಮ ತಾತನ ಕಾಲದಲ್ಲೇ ತೀರ್ಮಾನವಾಗಿತ್ತು.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಕಚೇರಿಯ ಕೆಲಸದ ಮೇಲೆ ಬೆಂಗಳೂರಿಗೆ ಹೋಗಿದ್ದೆ. ದಂಡಿನ ಕಡೆ ಒಬ್ಬ ಇಂಗ್ಲಿಷ್ ದೊರೆಯ ಬಂಗಲೆಯಲ್ಲಿ ನನ್ನ ದೂರದ ನೆಂಟ ಅಡಿಗೆಯವನು. ದೊರೆ ಕೆಲಸ ಮುಗಿಸಿ ಸೀಮೆಗೆ ಹೊರಟಿದ್ದ, ತೋಟದ ಕುಂಡಗಳನ್ನೆಲ್ಲ ಕಂಡವರಿಗೆ ಹಂಚುತ್ತಿದ್ದ. ಗುಲಾಬಿ, ಜೆರೇನಿಯಂಗಳನ್ನು ಬುದ್ಧಿವಂತರು ಮೊದಲೇ ಎತ್ತಿಕೊಂಡು ಹೋಗಿದ್ದರು. ಉಳಿದದ್ದು ಕಾರಂಜಿಯ ಸುತ್ತ ಬೆಳೆದಿದ್ದ ಒಂದು ಬಗೆಯ ಹುಲ್ಲು. ಹುಲ್ಲು ಎಂದರೆ ಅದಕ್ಕೆ ಅವಮಾನ. ಎದೆಯುದ್ದ ನೆಟ್ಟಗೆ ನಿಂತ ಹಸಿರು ಕಡ್ಡಿ, ಅದರ ತುದಿಯಲ್ಲಿ ಸುತ್ತಲೂ ಬಿಚ್ಚಿಕೊಂಡ ಎಲೆಗಳು, ಥೇಟು ಕೊಡೆ. ಗಾಳಿ ಬೀಸಿದರೆ ಅಷ್ಟೂ ಕೊಡೆಗಳು ಒಟ್ಟಿಗೆ ತಲೆದೂಗುತ್ತಿದ್ದವು. ನನ್ನ ಮಾತಿಗೆ ಒಟ್ಟಿಗೆ ತಲೆದೂಗುವ ಸಭೆಯನ್ನು ಹುಟ್ಟಿದಾರಭ್ಯ ಕಾಣದವನು ನಾನು. ನೋಡಿದ ಕೂಡಲೇ ಸೋತುಹೋದೆ.

ನಾಲ್ಕಾರು ಬುಡಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಬೌರಿಂಗ್‌ಪೇಟೆಯಲ್ಲಿ ಇಳಿದು ನಮ್ಮ ಚಿಕ್ಕ ರೈಲು ಹತ್ತಿದೆ. ಎದುರಿಗೆ ಕುಳಿತ ರೈತನೊಬ್ಬ ಗೋಣಿಯನ್ನೂ ನನ್ನ ಕೋಟನ್ನೂ ಬಹಳ ಹೊತ್ತು ನೋಡಿ, "ಸ್ವಾಮೀ, ನಿಮ್ಮ ಕಡೆ ಮೇವಿಗೆ ಅಷ್ಟೊಂದು ಬರವಾ?" ಎಂದು ಕೇಳಿದ. ನಾನು ಮುಖ ತಿರುಗಿಸಿ ಕೋಲಾರದ ಬೆಟ್ಟ ನೋಡುತ್ತ ಕುಳಿತೆ.

ಮನೆಯಲ್ಲಿ ಗೋಣಿ ಬಿಚ್ಚಿದೆ.

"ಏನ್ರೀ ಇದು?" ಎಂದಳು ಆದಿಲಕ್ಷ್ಮಿ.

"ಸೈಪರಸ್ ಆಲ್ಟರ್ನಿಫೋಲಿಯಸ್." ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ.

ಅವಳು ಒಂದು ಕಡ್ಡಿಯನ್ನು ಕಿತ್ತು ಹೆಬ್ಬೆರಳಲ್ಲಿ ಹೊಸಕಿ ನೋಡಿದಳು. ರೈತರ ಮಕ್ಕಳಿಗೆ ಲ್ಯಾಟಿನ್ ಹೇಳಿ ಏಮಾರಿಸುವುದು ಕಷ್ಟ. "ಇದು ತುಂಗೆ," ಎಂದಳು.

"ತುಂಗೆಯ ಜಾತಿ ಕಣೇ. ಆದ್ರೆ ಸೀಮೆ ತುಂಗೆ. ದೊರೆಗಳು ಇದನ್ನ ಚೆಂದಕ್ಕೆ ಬೆಳೀತಾರೆ."

"ನಮ್ಮಪ್ಪ ರಾಗಿ ಹೊಲದಲ್ಲಿ ತುಂಗೆ ಕಿತ್ತೂ ಕಿತ್ತೂ ಬೆನ್ನು ಗೂನು ಮಾಡ್ಕೊಂಡ. ಕಿತ್ತಷ್ಟೂ ಬರ್ತದೆ ಹಾಳಾದ್ದು. ಅದನ್ನ ನೀವು ರೈಲಲ್ಲಿ ಕೂರಿಸ್ಕೊಂಡು ಮನೆಗೆ ತಂದಿದೀರಾ. ಟಿಕೀಟು ಬೇರೆ ತೆಗೆಸಿದ್ರೋ ಹೆಂಗೆ?"

"ರಸಿಕತೆ ಅನ್ನೋದು..."

"ಪಿಚ್ಚಿ ಪಟ್ಟಿಂದಾ ಮೀಕು?" ಎಂದಳು. ಹುಚ್ಚು ಹಿಡಿದಿದೆಯೇ ನಿಮಗೆ ಎಂದು ಅದರ ಅರ್ಥ. ಅರ್ಥಕ್ಕಿಂತ ಮುಖ್ಯವಾದದ್ದು, ಅದು ತೆಲುಗು. ನಾನು ಚಪ್ಪಲಿ ಹುಡುಕಿದೆ.

ಸಂಜೆಗೆ ಹಿಂತಿರುಗುವ ಹೊತ್ತಿಗೆ ಅವಳು ಮತ್ತೆ ಕನ್ನಡಕ್ಕೆ ಬಂದಿದ್ದಳು. ಅಂಗಳದ ಈಶಾನ್ಯ ಮೂಲೆ ಖಾಲಿ ಬಿದ್ದಿದೆ, ಬೇಕಾದರೆ ಅಲ್ಲಿ ನೆಟ್ಟುಕೊಳ್ಳಿ, ಆದರೆ ಒಂದು ಷರತ್ತು ಎಂದಳು. "ಮನೆ ನೀರು ಒಂದು ತೊಟ್ಟೂ ಅದಕ್ಕೆ ಹಾಕಕೂಡದು. ಆ ಏರು ಹತ್ತಿ ತರೋಳು ನಾನು. ನನ್ನ ಸೊಂಟದ ನೀರನ್ನ ತುಂಗೆಗೆ ಸುರಿದ್ರೆ ನಾನು ರಾಯಲ್ಪಾಡಿಗೆ ಹೊರಟೋಗ್ತೀನಿ. ಆಮೇಲೆ ನೀವೂ ನಿಮ್ಮ ಹುಲ್ಲೂ ಒಬ್ಬರನ್ನೊಬ್ಬರು ಬೇಯಿಸ್ಕೊಂಡು ತಿನ್ನಿ."

"ಇದಕ್ಕೆ ನೀರೇ ಬೇಕಾಗಿಲ್ಲ ಕಣೇ. ಇಬ್ಬನಿ ಕುಡಿದು ಬೆಳೀತದೆ," ಎಂದು ದೇವರ ಗೂಡಿನ ಮುಂದೆ ನಿಂತು ಮಾತು ಕೊಟ್ಟೆ.

ಓದುಗರಿಗೆ ತಿಳಿದಿರಲಿ: ಈ ಸಸ್ಯಕ್ಕೆ ಇಬ್ಬನಿ ಎಲ್ಲಿಗೂ ಸಾಲದು. ಇದು ಕೆಸರಿನಲ್ಲಿ ಹುಟ್ಟಿ ಕೆಸರಿನಲ್ಲಿ ಬೆಳೆಯುವ ಜಾತಿ, ಬುಡದಲ್ಲಿ ನೀರು ನಿಂತೇ ಇರಬೇಕು. ಇದನ್ನು ದೊರೆಯ ತೋಟದವನು ನನಗೆ ಹೇಳಿಯೇ ಕಳಿಸಿದ್ದ. ಮೂರು ದಿನಕ್ಕೇ ನನ್ನ ಕೊಡೆಗಳು ಮಡಿಸಿಕೊಳ್ಳತೊಡಗಿದವು. ಎಲೆಯ ತುದಿಗಳು ಹಳದಿಯಾದವು. ನನಗೆ ಅನ್ನ ಸೇರಲಿಲ್ಲ.

ಆದಿಲಕ್ಷ್ಮಿ ಬೆಳಿಗ್ಗೆ ಮೊದಲ ಬಿಂದಿಗೆ ತಂದು ಹಂಡೆಗೆ ಸುರಿದು ಎರಡನೆಯದಕ್ಕೆ ಹೋಗುತ್ತಾಳೆ. ಅವಳು ಹೋಗಿ ಬರುವ ಹೊತ್ತಿನಲ್ಲಿ ಗಂಡಸೊಬ್ಬ ಮನಸ್ಸು ಮಾಡಿದರೆ ಏನನ್ನು ತಾನೇ ಸಾಧಿಸಲಾರ? ಹಂಡೆಯಿಂದ ಕೊಳದಪ್ಪಲೆ ತುಂಬ ಮೊಗೆದುಕೊಂಡು, ಬೀದಿಯ ಎರಡೂ ಕಡೆ ನೋಡಿ, ಹುಲ್ಲಿನ ಬುಡಕ್ಕೆ ಸುರಿದು, ಪಾತ್ರೆಯನ್ನು ಇದ್ದಲ್ಲೇ ಇಟ್ಟು, ಪಂಚೆಯಲ್ಲಿ ಕೈ ಒರೆಸಿಕೊಂಡು, ಜಗಲಿಯ ಮೇಲೆ ಕುಳಿತು ಏನೋ ಯೋಚಿಸುವವನಂತೆ ಆಕಾಶ ನೋಡುವುದು. ಹುಟ್ಟಿದಾಗಿನಿಂದ ಒಂದು ಚೊಂಬು ನೀರನ್ನೂ ಎತ್ತಿದವನಲ್ಲ ನಾನು. ಆ ದಿನಗಳಲ್ಲಿ ನನ್ನ ರಟ್ಟೆಯೇ ಗಟ್ಟಿಯಾಯಿತು. ಅಕ್ಕಪಕ್ಕದವರ ಕಣ್ಣಿಗೂ ಬೀಳದಂತೆ ಅಷ್ಟು ಎಚ್ಚರಿಕೆಯಿಂದ ಈ ಸೇವೆಯನ್ನು ನಡೆಸಿದೆ.

ಹಂಡೆ ತುಂಬದಿರುವುದನ್ನು ಆದಿಲಕ್ಷ್ಮಿ ಗಮನಿಸದೆ ಇರಲಿಲ್ಲ.

"ಏನ್ರೀ, ಇಷ್ಟು ತಂದು ಸುರಿದ್ರೂ ಹಂಡೆ ಕಂಠಕ್ಕೆ ಬರ್ತಿಲ್ಲವಲ್ಲ?"

"ಬೇಸಿಗೆ ಕಣೇ. ಬಿಸಿಲಿಗೆ ನೀರು ಆವಿ ಆಗಿ ಹೋಗ್ತದೆ. ಇದು ವಿಜ್ಞಾನ."

"ಮುಚ್ಚಳ ಮುಚ್ಚಿದೀನಲ್ಲ?"

"ಸಂದೀಲಿ ಹೋಗ್ತದೆ."

"ಹೋದ ವರ್ಷದ ಬೇಸಿಗೇಲಿ ಹೋಗ್ಲಿಲ್ಲವಲ್ಲ?"

"ಹೋದ ವರ್ಷದ ಬಿಸಿಲಿಗೂ ಈ ವರ್ಷದ ಬಿಸಿಲಿಗೂ ವ್ಯತ್ಯಾಸ ಇಲ್ಲವಾ?" ಎಂದೆ. ಅವಳು ನನ್ನನ್ನೇ ಒಂದು ಗಳಿಗೆ ನೋಡಿ, "ಇರಬಹುದು ಬಿಡಿ," ಎಂದು ಒಲೆಯ ಕಡೆ ತಿರುಗಿದಳು. ಇಷ್ಟು ಸುಲಭವಾಗಿ ಅವಳು ವಿಜ್ಞಾನವನ್ನು ಒಪ್ಪಿಕೊಂಡದ್ದು ನಮ್ಮ ದಾಂಪತ್ಯದಲ್ಲಿ ಅದೇ ಮೊದಲು. ನನಗೆ ಆಗಲೇ ಅನುಮಾನ ಬರಬೇಕಿತ್ತು, ಬರಲಿಲ್ಲ.

ಯುಗಾದಿಯ ಹೊತ್ತಿಗೆ ಊರೆಲ್ಲ ಒಣಗಿ ಹುರುಳಿ ಹೊಟ್ಟಿನ ಬಣ್ಣಕ್ಕೆ ಬಂದಿತ್ತು. ಕೆರೆಯಲ್ಲಿ ಹುಡುಗರು ಚಿನ್ನಿದಾಂಡು ಆಡುತ್ತಿದ್ದರು. ನಮ್ಮ ಅಂಗಳದ ಈಶಾನ್ಯ ಮೂಲೆಯಲ್ಲಿ ಮಾತ್ರ ಎದೆಯುದ್ದದ ಹಸಿರು. ಕೊಡೆಗಳ ಮೇಲೆ ಸಣ್ಣ ಸಣ್ಣ ಹೂಗೊಂಚಲೂ ಬರತೊಡಗಿತ್ತು. ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಈಗ ಯಾರೂ ಹಸುವಿನ ಮಾತೆತ್ತುತ್ತಿರಲಿಲ್ಲ. ಬಗ್ಗಿ ನೆಲ ನೋಡುತ್ತಿದ್ದರು, ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆಯಾಡಿಸುತ್ತಿದ್ದರು. ಕೊನೆಗೂ ಶ್ರೀನಿವಾಸಪುರಕ್ಕೆ ರಸಿಕತೆ ಬಂತು ಎಂದು ನಾನು ಜಗಲಿಯ ಮೇಲೆ ಮೀಸೆ ತಿರುವುತ್ತ ಕುಳಿತೆ.

ಅದು ರಸಿಕತೆಯಲ್ಲ ಎಂದು ತಿಳಿದದ್ದು ಗಂಗುಲಪ್ಪನವರು ಬಂದ ದಿನ. ಹೆಂಚು ನೋಡಲು ಬಂದವರು ಹೆಂಚನ್ನು ಮರೆತು ಮೂಲೆಯಲ್ಲಿ ನಿಂತುಬಿಟ್ಟರು. ಕುಕ್ಕರುಗಾಲಿನಲ್ಲಿ ಕುಳಿತು ಬುಡದ ಮಣ್ಣು ಹಿಸುಕಿದರು, ಮೂಸಿದರು. ಮಳೆಯಿಲ್ಲದ ನಮ್ಮ ಸೀಮೆಯಲ್ಲಿ ಹಾಲು ಕುಡಿಯುವ ಕೂಸಿಗೂ ಒಂದು ವಿಷಯ ಗೊತ್ತು: ಕಡು ಬೇಸಿಗೆಯಲ್ಲೂ ತುಂಗೆ ಹಸಿರಾಗಿ ನಿಂತಿದೆ ಎಂದರೆ ಅದರ ಕೆಳಗೆ ಗಂಗೆ ಇದ್ದಾಳೆ. ಬಾವಿ ತೋಡುವವರು ಮೊದಲು ಹುಡುಕುವುದೇ ಅದನ್ನು. ನಾನೂ ಇದೇ ಮಣ್ಣಿನಲ್ಲಿ ಹುಟ್ಟಿದವನು, ನನಗೂ ಗೊತ್ತಿದ್ದ ಮಾತೇ. ಆದರೆ ಲ್ಯಾಟಿನ್ ಹೆಸರಿನ ತುಂಗೆಗೂ ಆ ನಿಯಮ ಅನ್ವಯಿಸುತ್ತದೆಂದು ನನ್ನ ಬುದ್ಧಿಗೆ ಹೊಳೆದಿರಲಿಲ್ಲ.

"ಗುಮಾಸ್ತರೇ, ಇದಕ್ಕೆ ನೀರು ಹಾಕ್ತೀರಾ?" ಎಂದರು ಗಂಗುಲಪ್ಪನವರು.

ಆದಿಲಕ್ಷ್ಮಿ ಬಾಗಿಲಲ್ಲಿ ನಿಂತಿದ್ದಳು. ಸೊಂಟದಲ್ಲಿ ಬಿಂದಿಗೆ, ಈಗ ತಾನೇ ಏರು ಹತ್ತಿ ಬಂದ ಬೆವರು. ನನ್ನ ಬಾಯಿಂದ ಬರುವ ಮಾತಿಗೆ ಅವರಿಗಿಂತ ಅವಳೇ ಹೆಚ್ಚು ಆಸೆಯಿಂದ ಕಾಯುತ್ತಿದ್ದಂತೆ ಕಂಡಿತು. ಹೌದು ಎಂದರೆ ಅವಳು ಸಂಜೆಯ ಬಂಡಿಗೆ ರಾಯಲ್ಪಾಡಿಗೆ ಹೊರಡುತ್ತಾಳೆ.

"ಎಲ್ಲಾದ್ರೂ ಉಂಟಾ?" ಎಂದೆ. "ಒಂದು ತೊಟ್ಟು ಹಾಕಿದ್ರೆ ಕೇಳಿ. ತಾನಾಗೇ ಬೆಳೀತು."

"ತಾನಾಗೇನಾ?"

"ದೇವರಾಣೆಗೂ."

ಗಂಗುಲಪ್ಪನವರು ಎದ್ದು ಆದಿಲಕ್ಷ್ಮಿಯ ಕಡೆ ತಿರುಗಿದರು. "ಅಮ್ಮಣ್ಣೀ, ಇಷ್ಟು ವರ್ಷ ನೀನು ಕೇಳ್ತಾನೇ ಇದ್ದೆ, ನಾನೇ ಬಂಡೆ ಬಂಡೆ ಅಂತಿದ್ದೆ. ಗಂಗಮ್ಮ ತಾನೇ ಎದ್ದು ಬಂದು ತುಂಗೆ ಬಾಯಲ್ಲಿ ಹೇಳ್ತಾ ಅವ್ಳೆ. ಇನ್ನೂ ತೋಡಿಸ್ದೆ ಇದ್ರೆ ನನ್ನ ಮನೆತನಕ್ಕೆ ಒಳ್ಳೇದಾಗ್ತದಾ? ಬರೋ ಶುಕ್ರವಾರ ಗುದ್ದಲಿ ಪೂಜೆ. ಇಲ್ಲೇ, ಈ ಹುಲ್ಲು ಇರೋ ಜಾಗದಲ್ಲೇ."

ಹುಲ್ಲು ಇರುವ ಜಾಗದಲ್ಲೇ ಎಂದರೆ ಹುಲ್ಲನ್ನು ಕಿತ್ತೇ ತೋಡಬೇಕು. ನಿಜ ಹೇಳಿದರೆ ಹುಲ್ಲು ಉಳಿಯುತ್ತದೆ, ಹೆಂಡತಿ ಹೋಗುತ್ತಾಳೆ. ಸುಮ್ಮನಿದ್ದರೆ ಹೆಂಡತಿ ಉಳಿಯುತ್ತಾಳೆ, ಹುಲ್ಲು ಹೋಗುತ್ತದೆ. (ಯಾವುದು ಹೆಚ್ಚು ಎಂದು ನೀವು ಕೇಳಬಹುದು. ದಯವಿಟ್ಟು ಕೇಳಬೇಡಿ.)

"ಹಿತ್ತಿಲಲ್ಲಿ ತೋಡಿಸಿದ್ರೆ ಆಗಲ್ವಾ?" ಎಂದು ಮೆಲ್ಲಗೆ ಕೇಳಿದೆ.

"ಏನು ಮಾತು ಅಂತ ಆಡ್ತೀರಾ. ಇದು ಈಶಾನ್ಯ ಮೂಲೆ. ಬಾವಿಗೆ ಇದಕ್ಕಿಂತ ಶ್ರೇಷ್ಠವಾದ ಜಾಗ ಇನ್ನೆಲ್ಲಿದೆ?" ಎಂದು ಅವರು ನನಗೇ ಶಾಸ್ತ್ರ ಹೇಳಿ ಹೊರಟರು.

ಶುಕ್ರವಾರಕ್ಕೆ ಇನ್ನೂ ಒಂದು ವಾರವಿತ್ತು. ನನ್ನ ಗುಮಾಸ್ತನ ಬುದ್ಧಿ ಚುರುಕಾಯಿತು. ನೀರು ಹಾಕುವುದನ್ನೇ ನಿಲ್ಲಿಸಿಬಿಟ್ಟರೆ? ಎಲೆ ಒಣಗುತ್ತದೆ, ನೆಲ ಬಿರುಕು ಬಿಡುತ್ತದೆ, ಗಂಗಮ್ಮ ಒಳಗೆ ಹೋದಳು ಎಂದು ಗಂಗುಲಪ್ಪನವರು ಮನಸ್ಸು ಬದಲಾಯಿಸುತ್ತಾರೆ. ಬುಡದಲ್ಲಿ ಜೀವ ಹಿಡಿದುಕೊಂಡಿದ್ದರೆ ಆಮೇಲೆ ಚಿಗುರಿಸಿಕೊಳ್ಳಬಹುದು. ಮಕ್ಕಳಿಗೆ ಲಂಘನ ಹಾಕಿಸುವ ತಾಯಿಯಂತೆ ಕಲ್ಲು ಮನಸ್ಸು ಮಾಡಿ ಒಂದು ತೊಟ್ಟೂ ಹಾಕದೆ ಕುಳಿತೆ.

ಹುಲ್ಲು ಒಣಗಲಿಲ್ಲ. ಮಾರನೆಯ ದಿನವೂ ಹಸಿರು, ಅದರ ಮಾರನೆಯ ದಿನವೂ ಹಸಿರು. ವಾರ ಕಳೆಯುತ್ತ ಬಂದರೂ ಬುಡ ಒದ್ದೆಯಾಗಿಯೇ ಇತ್ತು. ಸುಳಿಗಳೆಲ್ಲ ಮೊದಲಿಗಿಂತ ಹುಲುಸಾಗಿ ಎದ್ದವು. ನಾನು ಬೆರಗಾದೆ. ಮಣ್ಣು ಮುಟ್ಟಿ ನೋಡಿದೆ, ತಣ್ಣಗಿತ್ತು. ಹಾಗಾದರೆ ನಾನು ಹೇಳಿದ ಸುಳ್ಳು ನಿಜವೇ? ಇಲ್ಲಿ ನೆಲದೊಳಗೆ ನೀರಿನ ಊಟೆ ಇದೆಯೇ? ನನ್ನ ಬಾಯಿಂದ ಗಂಗಮ್ಮನೇ ಹಾಗೆ ನುಡಿಸಿದಳೇ? ಇಷ್ಟು ದಿನ ಹಂಡೆಯಿಂದ ಮೊಗೆದು ಸುರಿದದ್ದೆಲ್ಲ ಸುಮ್ಮನೆ ರಟ್ಟೆ ನೋಯಿಸಿಕೊಂಡದ್ದೇ? ಗುರುವಾರದ ಹೊತ್ತಿಗೆ ನನ್ನ ಬಗ್ಗೆ ನನಗೇ ಸಣ್ಣಗೆ ಭಕ್ತಿ ಹುಟ್ಟಿತ್ತು.

ಶುಕ್ರವಾರ ಬೆಳಿಗ್ಗೆ ಬಾವಿ ತೋಡಿಸುವ ಮೇಸ್ತ್ರಿ ಆವಲಪ್ಪ ಆಳುಗಳೊಂದಿಗೆ ಬಂದ. ಮೊದಲು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಅಂಗಳದ ಉದ್ದಕ್ಕೂ ನಡೆದ. ಹುಲ್ಲಿನ ಹತ್ತಿರ ಬರುತ್ತಲೇ ಕಾಯಿ ಕುಣಿದಾಡಿ ಎದ್ದು ನಿಂತಿತು. ನೆರೆದಿದ್ದ ಹೆಂಗಸರೆಲ್ಲ ಕೈ ಮುಗಿದರು. ಪಕ್ಕದ ಮನೆಯ ಮುದುಕಿ ಅಕ್ಕಯಮ್ಮ ಗಲ್ಲ ಗಲ್ಲ ಬಡಿದುಕೊಂಡಳು. ಅರಿಸಿನ ಕುಂಕುಮವಾಯಿತು, ನಿಂಬೆಹಣ್ಣಾಯಿತು. ಗಂಗುಲಪ್ಪನವರು ರುಮಾಲು ಸರಿಮಾಡಿಕೊಂಡು ಕಾಯಿ ಒಡೆದರು. ಆವಲಪ್ಪ ಗುದ್ದಲಿ ಎತ್ತಿದ.

ಗಾಳಿ ಬೀಸಿತು. ನನ್ನ ಕೊಡೆಗಳು ಎಂದಿನಂತೆ ತಲೆದೂಗಿದವು. ಅಷ್ಟೂ ಹೂ ಬಿಟ್ಟಿದ್ದವು. ನನ್ನಿಂದ ತಡೆಯಲಾಗಲಿಲ್ಲ. ಭಕ್ತಿ ಊಟೆ ಎಲ್ಲ ಮರೆತೇಹೋಯಿತು, ಹೋದರೆ ಸಂಸಾರ ಹೋಗಲಿ ಎನ್ನಿಸಿತು.

"ನಿಲ್ಲಿಸಪ್ಪಾ," ಎಂದು ಗುದ್ದಲಿಗೆ ಅಡ್ಡ ನಿಂತೆ. "ಇಲ್ಲಿ ನೀರಿಲ್ಲ. ನಾನು ಹೇಳಿದ್ದು ಸುಳ್ಳು. ಈ ಹುಲ್ಲಿಗೆ ನೀರು ಹಾಕ್ತಿದ್ದೋನು ನಾನೇ. ದಿನಾ ಹಂಡೆಯಿಂದ ಮೊಗೆದು ಮೊಗೆದು ಹಾಕಿದೀನಿ."

ನಾನು ಆದಿಲಕ್ಷ್ಮಿಯ ಕಡೆ ನೋಡುವ ಧೈರ್ಯ ಮಾಡಲಿಲ್ಲ. ಆಗ ಗಂಗುಲಪ್ಪನವರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ಗುಮಾಸ್ತರೇ, ಸುಳ್ಳು ಹೇಳಿದ್ರೂ ನಂಬೋ ಹಂಗಿರಬೇಕು. ಉಂಡ ತಟ್ಟೆ ಎತ್ತದ ಗಂಡಸು ನೀರು ಹೊತ್ತು ಗಿಡಕ್ಕೆ ಹಾಕ್ದ ಅಂದ್ರೆ ಈ ಪೇಟೇಲಿ ಯಾವನು ನಂಬ್ತಾನೆ? ಹುಲ್ಲು ಉಳಿಸ್ಕೊಳೋಕೆ ಆಡ್ತಿರೋ ಆಟ ಇದು, ಗೊತ್ತಾಗಲ್ವಾ?"

"ನಿಜ ಹೇಳ್ತಿದೀನಿ. ನನ್ನ ಮಾತು ನಂಬಿ."

"ನಾನು ಪಕ್ಕದ ಮನೆಯೋಳು," ಎಂದಳು ಅಕ್ಕಯಮ್ಮ ಮುಂದೆ ಬಂದು. "ಈವಯ್ಯ ಚೊಂಬು ಹಿಡಿದಿದ್ದು ನಾನು ನೋಡಿರೋದು ಕೆರೆ ಕಡೆಗೆ ಹೋಗುವಾಗ ಮಾತ್ರ. ಅದಕ್ಕೂ ನೀರು ತುಂಬಿಸಿ ಕೊಡೋಳು ಆದಿಲಕ್ಷ್ಮೀನೇ."

ಯಾರ ಕಣ್ಣಿಗೂ ಬೀಳದಂತೆ ನಾನು ವಹಿಸಿದ್ದ ಎಚ್ಚರಿಕೆ ಈಗ ನನ್ನ ಕೊರಳಿಗೇ ಬಂದಿತ್ತು. ಗಂಗುಲಪ್ಪನವರು ನ್ಯಾಯಾಧೀಶರ ಗತ್ತಿನಿಂದ ಆದಿಲಕ್ಷ್ಮಿಯನ್ನು ಕರೆದರು. "ನೀನೇ ಹೇಳಮ್ಮಣ್ಣೀ. ನಿಮ್ಮ ಯಜಮಾನರು ನೀರು ಹೊರೋರಾ?"

ಆದಿಲಕ್ಷ್ಮಿ ಸೆರಗು ಹೊದ್ದುಕೊಂಡು ಬಹಳ ವಿನಯದಿಂದ ಹೇಳಿದಳು. "ಮದುವೆಯಾಗಿ ಇಷ್ಟು ವರ್ಷ ಆಯ್ತಣ್ಣಾ. ನನಗೆ ಅಂತ ಅವರು ಒಂದು ಚೊಂಬು ನೀರು ಎತ್ತಿ ಕೊಟ್ಟಿದ್ದು ನಾನು ಕಾಣೆ."

"ಸಾಕಲ್ಲ?" ಎಂದರು ಗಂಗುಲಪ್ಪನವರು. ಹೆಂಗಸರೆಲ್ಲ ನಕ್ಕರು. ಆವಲಪ್ಪ ನನ್ನನ್ನು ಭುಜ ಹಿಡಿದು ಗೌರವದಿಂದಲೇ ಪಕ್ಕಕ್ಕೆ ಸರಿಸಿ ಗುದ್ದಲಿ ಹಾಕಿದ. ನನ್ನ ಸೈಪರಸ್ ಆಲ್ಟರ್ನಿಫೋಲಿಯಸ್ ಬುಡಸಮೇತ ಎದ್ದು ಬಂತು. ಬೇಲಿಯ ಆಚೆ ಎಸೆದರು. ಆಚೆ ಕಡೆ ಅಕ್ಕಯಮ್ಮನ ಎಮ್ಮೆ ಕಟ್ಟಿತ್ತು. ಅದು ಒಂದು ಕೊಡೆಯನ್ನೂ ಬಿಡದೆ ತಿಂದು, ಇನ್ನೂ ಇದೆಯೇ ಎಂದು ನನ್ನ ಕಡೆ ನೋಡಿತು.

ನಾನು ಒಳಗೆ ಹೋಗಿ ಅಡಿಗೆಮನೆಯ ಗೋಡೆಗೆ ಒರಗಿ ಕುಳಿತೆ. ದುಃಖವಾಗಿತ್ತು. ಅದಕ್ಕಿಂತ ಹೆಚ್ಚಾಗಿ ಭಯವಾಗಿತ್ತು. ಊರೇ ನಂಬದಿದ್ದರೂ ಆದಿಲಕ್ಷ್ಮಿ ನಂಬಿರುತ್ತಾಳೆ. ಹಂಡೆಯ ಲೆಕ್ಕ ಅವಳಿಗೆ ಈಗ ಹೊಂದಿಕೆಯಾಗಿರುತ್ತದೆ. ಟ್ರಂಕು ಎಳೆಯುವ ಸದ್ದಿಗೆ ಕಿವಿಗೊಟ್ಟು ಕುಳಿತೆ. ಅವಳು ಬಂದು ಮುಂದೆ ಮಜ್ಜಿಗೆಯ ಲೋಟ ಇಟ್ಟಳು.

"ಆದೀ, ನಾನು ಹೇಳಿದ್ದು ನಿಜ ಕಣೇ," ಎಂದೆ ಮೆಲ್ಲಗೆ.

"ಗೊತ್ತು."

"ಯಾವಾಗಿಂದ?"

"ನೀವು ಶುರು ಮಾಡಿದ ದಿನದಿಂದ. ಹಂಡೆಯಿಂದ ಬಾಗಿಲ ತನಕ ನೀರು ಚೆಲ್ಲಾಡ್ಕೊಂಡು ಹೋಗಿದೀರಾ, ಮಣ್ಣು ಕಾಲಲ್ಲಿ ವಾಪಸ್ ಬಂದಿದೀರಾ. ಸಾರಿಸಿದ ನೆಲದ ಮೇಲೆ ನಿಮ್ಮ ಹೆಜ್ಜೆ, ಗೌರಮ್ಮನ ಹೆಜ್ಜೆ ಬರೆದ ಹಂಗೆ ಸಾಲಾಗಿ ಬಿದ್ದಿತ್ತು. ಒರೆಸಿ ಒರೆಸಿ ನನ್ನ ಕೈ ಬಿದ್ದೋಯ್ತು."

"ಮತ್ತೆ ರಾಯಲ್ಪಾಡಿಗೆ ಹೋಗ್ತೀನಿ ಅಂದಿದ್ದೆ?"

"ಹೋಗೋಣ ಅಂತಲೇ ಸೀರೆ ಮಡಿಸ್ತಿದ್ದೆ. ಆಗ ಬೀದೀಲಿ ಇಬ್ಬರು ನಿಂತು, ಈ ಮನೇಲಿ ತುಂಗೆ ಎದ್ದಿದೆ, ಕೆಳಗೆ ನೀರಿರಬೇಕು ಅಂತ ಮಾತಾಡ್ಕೊಂಡ್ರು. ಮಡಿಸಿದ ಸೀರೇನ ಮತ್ತೆ ಗಳುವಿನ ಮೇಲೆ ಹಾಕ್ದೆ. ಗಂಗುಲಪ್ಪಣ್ಣನ ಹೆಂಡ್ತಿ ಹತ್ರ ಹೋಗಿ, ನಮ್ಮ ಜಗಲಿ ಮೇಲಿನ ಹೆಂಚು ಒಡೆದಿದೆ, ಅಣ್ಣ ಒಂದು ಸಲ ಬಂದು ನೋಡ್ಲಿ ಅಂದೆ."

"ಹೆಂಚು ಒಡೆದಿರಲಿಲ್ಲವಲ್ಲ?"

"ಒಂದು ಒಡೆದಿತ್ತು. ನಾನೇ ಒಡೆದಿದ್ದೆ."

ನಾನು ಮಜ್ಜಿಗೆ ಕೆಳಗಿಟ್ಟೆ. "ಹಂಗಾದ್ರೆ ಈ ವಾರವೆಲ್ಲ ನಾನು ನೀರೇ ಹಾಕ್ಲಿಲ್ಲ. ಆದ್ರೂ ಹಸಿರಾಗಿತ್ತು?"

"ನೀವು ನಿಲ್ಲಿಸಿದ್ದು ಗೊತ್ತಾಯ್ತು, ಹಂಡೆ ಮುಂದಿನ ನೆಲ ಒಣಗಿತ್ತು. ಗುದ್ದಲಿ ಬೀಳೋಕೆ ಮೊದಲೇ ಬಾಡಿದ್ರೆ ಹೆಂಗೆ? ನೀವು ಕಚೇರಿಗೆ ಹೋದ್ಮೇಲೆ ಅಕ್ಕಿ ತೊಳೆದ ನೀರು, ಬಸಿದ ಗಂಜಿ, ಪಾತ್ರೆ ತೊಳೆದ ನೀರು, ಎಲ್ಲ ಅದಕ್ಕೇ ಸುರಿದೆ. ಗಂಜಿ ನೀರಿಗೆ ಚೆನ್ನಾಗೇ ಎದ್ದಿತ್ತು ಪಾಪ."

ಆ ಹೊತ್ತು ನನಗೆ ಬಂದ ಸಿಟ್ಟನ್ನು ಏನೆಂದು ಹೇಳಲಿ. ವಾರವೆಲ್ಲ ನನ್ನಲ್ಲಿ ಹುಟ್ಟಿದ್ದ ಭಕ್ತಿ ಗಂಜಿನೀರಿನದು ಎಂದು ತಿಳಿದರೆ ಯಾವ ಗಂಡಸಿಗೆ ಸಿಟ್ಟು ಬರುವುದಿಲ್ಲ? "ಹೊರಗೆ ಅಷ್ಟು ಜನದ ಮುಂದೆ ಸುಳ್ಳು ಹೇಳಿದೆಯಲ್ಲೇ," ಎಂದೆ.

"ಎಲ್ಲಿ ಹೇಳ್ದೆ? ನನಗೆ ಅಂತ ಒಂದು ಚೊಂಬು ಎತ್ತಿ ಕೊಟ್ಟಿಲ್ಲ ಅಂದೆ. ಕೊಟ್ಟಿದೀರಾ?"

ಯೋಚಿಸಿ ನೋಡಿದೆ. ಕೊಟ್ಟಿರಲಿಲ್ಲ.

"ಇಷ್ಟು ವರ್ಷ ನಾನು ಬಾಯಿ ಬಿಟ್ಟು ಕೇಳಿದೆ, ನನ್ನ ಮಾತಿಗೆ ಒಬ್ಬರೂ ಅಲ್ಲಾಡ್ಲಿಲ್ಲ," ಎಂದಳು. "ಆ ಏರು ಹತ್ತುವಾಗ ಒಂದೊಂದು ದಿನ ಕಣ್ಣು ಕತ್ತಲೆ ಬರ್ತದೆ. ನಿಮಗೂ ಹೇಳಿದೀನಿ. ನೀವು ಎಲೆ ಅಡಿಕೆ ಹಾಕ್ಕೊಂಡು ಕೇಳಿಸ್ಕೊಂಡ್ರಿ. ಹುಲ್ಲು ಬಾಡಿದ್ದಕ್ಕೆ ಎದ್ದು ಓಡಿದ್ರಿ."

ಇದಕ್ಕೆ ನನ್ನ ಹತ್ತಿರ ವಿಜ್ಞಾನವಿರಲಿಲ್ಲ. ಆದರೂ ಗುಮಾಸ್ತನಲ್ಲವೇ, ಕೊನೆಯ ಆಕ್ಷೇಪಣೆಯೊಂದನ್ನು ಎತ್ತಿದೆ. "ಆದ್ರೆ ಕೆಳಗೆ ನೀರು ಸಿಕ್ಕಲಿಲ್ಲ ಅಂದ್ರೆ ಏನು ಗತಿ?"

"ಸಿಕ್ಕಲಿಲ್ಲ ಅಂದ್ರೆ ಗಂಗುಲಪ್ಪಣ್ಣ ಬಂದು, ತಾನಾಗೇ ಬೆಳೀತು ಅಂತ ದೇವರಾಣೆ ಹಾಕಿದೋರು ಯಾರು ಅಂತ ಕೇಳ್ತಾರೆ," ಎಂದಳು. "ನಾನೇನಲ್ಲವಲ್ಲ."

ಅಲ್ಲಿಂದ ಮುಂದಿನ ದಿನಗಳು ಹೇಗೆ ಕಳೆದವೋ ಆ ಗಂಗಮ್ಮನಿಗೇ ಗೊತ್ತು. ನನ್ನ ತೋಟವನ್ನು ನುಂಗಿದ ಆ ಗುಂಡಿಯಲ್ಲಿ ನೀರು ಬರಲಿ ಎಂದು ಹರಸಿಕೊಂಡವರಲ್ಲಿ ನಾನೇ ಮೊದಲಿಗ. ಒಂದಾಳು ಆಳ ಹೋದರೂ ಒಣ ಮಣ್ಣು. ಎರಡಾಳು ಹೋದರೂ ಒಣ ಮಣ್ಣು. ಗಂಗುಲಪ್ಪನವರು ದಿನಾ ಬಂದು ಗುಂಡಿಗೆ ಇಣುಕಿ, ಆಮೇಲೆ ನನ್ನ ಮುಖ ನೋಡಿ ಹೋಗುತ್ತಿದ್ದರು. ಬಂಡೆ ಸಿಕ್ಕಿತೆಂದು ಒಂದು ಮಧ್ಯಾಹ್ನ ಕಚೇರಿಗೆ ಸುದ್ದಿ ಬಂದಾಗ ನಾನು ಮುಳಬಾಗಿಲಿಗೆ ವರ್ಗ ಕೇಳಿ ಅರ್ಜಿ ಬರೆಯಲು ಕುಳಿತೆ. ಅರ್ಜಿ ಅರ್ಧವಾಗುವಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಆವಲಪ್ಪ ಹಾರೆ ಹಾಕಿದ ಕಡೆ ಬಂಡೆ ಬಿರಿದು ತಣ್ಣನೆಯ ಊಟೆ ಚಿಮ್ಮಿದೆ, ಆಳುಗಳೆಲ್ಲ ನೆನೆದುಕೊಂಡು ಮೇಲಕ್ಕೆ ಓಡಿ ಬಂದಿದ್ದಾರೆ. ನೀರು ಎಳನೀರಿನಷ್ಟು ಸಿಹಿ.

ಕಟ್ಟೆ ಕಟ್ಟಿ ರಾಟೆ ಹಾಕಿದ ದಿನ ಗಂಗೆ ಪೂಜೆ. ಬೀದಿಯೇ ನಮ್ಮ ಅಂಗಳದಲ್ಲಿತ್ತು. ಗಂಗುಲಪ್ಪನವರು ನನ್ನ ಕೊರಳಿಗೆ ಚೆಂಡುಹೂವಿನ ಹಾರ ಹಾಕಿ, "ಈ ಗುಮಾಸ್ತರ ಬಾಯಿಂದ ಬಂದ ಮಾತು ಸುಳ್ಳಾಗಲಿಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಜನ ನನ್ನನ್ನು ನೋಡಿ ಕೈ ಮುಗಿದರು. ಹುಲ್ಲು ಹೋದ ದುಃಖವೂ ಕಡಿಮೆಯಾಗಿ, ನಾನು ಸಣ್ಣಗೆ ಕೆಮ್ಮಿ ಎರಡು ಮಾತಾಡಲು ಸಿದ್ಧನಾದೆ.

"ಮೊದಲ ಬಿಂದಿಗೆ ಯಜಮಾನರೇ ಸೇದಲಿ," ಎಂದಳು ಆದಿಲಕ್ಷ್ಮಿ, ನನ್ನ ಕೈಗೆ ಹಗ್ಗ ಕೊಟ್ಟು.

"ಅಯ್ಯೋ, ಅವರು ಯಾಕಮ್ಮಣ್ಣೀ," ಎಂದರು ಗಂಗುಲಪ್ಪನವರು. "ಅವರಿಗೆಲ್ಲಿ ಅಭ್ಯಾಸ. ಕೈಗೆ ಬೊಬ್ಬೆ ಬಂದಾವು."

"ಅಭ್ಯಾಸ ಇದೆ ಬಿಡಿ ಅಣ್ಣಾ," ಎಂದಳು ಅವಳು ನೆರೆದವರಿಗೆಲ್ಲ ಕೇಳುವಂತೆ. "ಅವತ್ತು ಅವರು ಹೇಳಿದ್ದು ನಿಜವೇ. ಬೇಸಿಗೆಯೆಲ್ಲ ಆ ತುಂಗೆಗೆ ನೀರು ಹೊತ್ತೋರು ಅವರೇ. ಪಾಪ, ನಾವ್ಯಾರೂ ನಂಬ್ಲಿಲ್ಲ."

ಗಂಗುಲಪ್ಪನವರು ನನ್ನನ್ನು ನೋಡಿದರು, ಬಾವಿಯನ್ನು ನೋಡಿದರು. ಕೊರಳಲ್ಲಿ ಹಾರ, ಕೈಯಲ್ಲಿ ಹಗ್ಗ ಹಿಡಿದುಕೊಂಡು ನಾನು ಎತ್ತಲೂ ಓಡುವಂತಿರಲಿಲ್ಲ. ಮೊದಲ ಬಿಂದಿಗೆ ಸೇದಿದೆ. ಆದಿಲಕ್ಷ್ಮಿ ಅದನ್ನು ತೆಗೆದುಕೊಂಡು ಇನ್ನೊಂದು ಖಾಲಿ ಬಿಂದಿಗೆಯನ್ನು ಕಟ್ಟಿದಳು. ಅದರ ಹಿಂದೆ ಅಕ್ಕಯಮ್ಮ ತನ್ನ ಎಮ್ಮೆಯ ಬಾನಿ ತಂದಿಟ್ಟಳು. ಅವಳ ಹಿಂದೆ ಬೀದಿಯ ಹೆಂಗಸರೆಲ್ಲ ಬಿಂದಿಗೆ ಹಿಡಿದು ಸಾಲು ನಿಂತಿದ್ದರು.